ಟೊಳ್ಳೂ ಅಲ್ಲ, ಗಟ್ಟಿಯೂ ಅಲ್ಲ

ಗಣೇಶೋತ್ಸವದ ಆರ್ಕೆಸ್ಟ್ರಾ ನೋಡಲು ಹೋದವರಿಗೆಲ್ಲ ಈ ಅನುಭವ ಉಂಟು. ಗಾಯಕ ಮೈಕ್ ಹಿಡಿದುಕೊಂಡು ಸ್ಪೀಕರ್ ಪೆಟ್ಟಿಗೆಯ ಮುಂದೆ ಎರಡು ಹೆಜ್ಜೆ ಇಟ್ಟನೆಂದರೆ ಸಾಕು, 'ಕುಂಯ್' ಎಂಬ ಕರ್ಕಶ ಕೂಗು ಪೆಂಡಾಲನ್ನೇ ಸೀಳುತ್ತದೆ. ಜನ ಕಿವಿ ಮುಚ್ಚಿಕೊಳ್ಳುತ್ತಾರೆ. ಮೈಕ್‌ಸೆಟ್‌ನವನು ಓಡಿಬಂದು ಗುಂಡಿ ತಿರುಗಿಸುತ್ತಾನೆ. ಮೈಕ್ ಹಿಡಿದ ಸದ್ದು ಸ್ಪೀಕರಿನಿಂದ ದೊಡ್ಡದಾಗಿ ಹೊರಬಂದು, ಅದನ್ನೇ ಮೈಕ್ ಮತ್ತೆ ಹಿಡಿದು, ಅದು ಇನ್ನಷ್ಟು ದೊಡ್ಡದಾಗಿ ಹೊರಬಿದ್ದು, ಹೀಗೆ ಕ್ಷಣಾರ್ಧದಲ್ಲಿ ನೂರಾರು ಸುತ್ತು ಸುತ್ತುವುದರಿಂದ ಹುಟ್ಟುವ ಕೂಗು ಅದು. ಫೀಡ್‌ಬ್ಯಾಕ್ ಎಂದು ಅದಕ್ಕೆ ಹೆಸರು.

ಅಮೆರಿಕದ ಗಿಟಾರ್ ತಯಾರಕರ ನಿದ್ದೆಯನ್ನು ಎರಡು ದಶಕಗಳ ಕಾಲ ಕೆಡಿಸಿದ್ದು ಇದೇ ಕೂಗು. ಇವತ್ತು ಅಂಗಡಿಯೊಂದರಲ್ಲಿ ಅರೆಟೊಳ್ಳು ಗಿಟಾರುಗಳ ಮುಂದೆ ನಿಂತು, ದೊಡ್ಡ ಮೈಯದನ್ನು ಕೊಳ್ಳಲೋ ಸಣ್ಣ ಮೈಯದನ್ನು ಕೊಳ್ಳಲೋ ಎಂದು ತಲೆ ಕೆರೆದುಕೊಳ್ಳುವ ಹುಡುಗನ ಗೊಂದಲದ ಮೂಲವೂ ಅಲ್ಲಿಯೇ ಇದೆ.

ಗಾತ್ರವೇ ದನಿಯಾಗಿದ್ದ ಕಾಲ

ವಿದ್ಯುತ್ತಿನ ಸಹಾಯ ಇಲ್ಲದ ದಿನಗಳಲ್ಲಿ ಗಿಟಾರಿನ ಗಾತ್ರಕ್ಕೂ ದನಿಗೂ ನೇರ ಸಂಬಂಧ. ತಂತಿ ಮೀಟಿದಾಗ ಅದರ ಕಂಪನ ಕುದುರೆಯ ಮೂಲಕ ಮೇಲ್ಹಲಗೆಗೆ ಇಳಿಯುತ್ತದೆ. ಹಲಗೆ ಅಲುಗಿ ಒಳಗಿನ ಗಾಳಿಯನ್ನು ಅಲುಗಿಸುತ್ತದೆ. ವೀಣೆಯ ಬುರುಡೆ ಮಾಡುವ ಕೆಲಸವೂ ಇದೇ. ಹಲಗೆ ದೊಡ್ಡದಾದಷ್ಟೂ, ಗಾಳಿ ಹೆಚ್ಚಾದಷ್ಟೂ ಸದ್ದು ಜೋರು.

1920ರ ಮತ್ತು 1930ರ ದಶಕಗಳಲ್ಲಿ ಅಮೆರಿಕದ ನೃತ್ಯಶಾಲೆಗಳಲ್ಲಿ ಜಾಝ್ ತಂಡಗಳದೇ ಕಾರುಬಾರು. ಒಂದು ಸಾಲು ಟ್ರಂಪೆಟ್, ಒಂದು ಸಾಲು ಸ್ಯಾಕ್ಸೊಫೋನ್, ಹಿಂದೆ ಡ್ರಮ್. ನಡುವೆ ಕೂತ ಗಿಟಾರಿನವನ ಪಾಡು ಯಾರಿಗೂ ಬೇಡ. ಅವನು ನುಡಿಸಿದ್ದು ಅವನಿಗೇ ಕೇಳಿಸಿದರೆ ಪುಣ್ಯ. ಮಿಚಿಗನ್ ರಾಜ್ಯದ ಕಲಮಜೂ ಪಟ್ಟಣದ ಗಿಬ್ಸನ್ ಕಂಪೆನಿ 1922ರಲ್ಲಿ ಎಲ್-5 ಎಂಬ ಗಿಟಾರನ್ನು ತಂದಿತು. ಪಿಟೀಲಿನಂತೆ ಉಬ್ಬಿದ ಮೇಲ್ಹಲಗೆ, ಪಿಟೀಲಿನಂತೆಯೇ ಇಂಗ್ಲಿಷಿನ ಎಫ್ ಅಕ್ಷರದ ಆಕಾರದ ಎರಡು ರಂಧ್ರಗಳು, 16 ಇಂಚು ಅಗಲ. ಅದೂ ಸಾಲದಾಯಿತು. ಮೊದಲು 17 ಇಂಚು, ಬಳಿಕ 1934ರ ಸೂಪರ್ 400ರಲ್ಲಿ 18 ಇಂಚು. ಹೆಸರಿನಲ್ಲಿರುವ 400 ಬೇರೇನೂ ಅಲ್ಲ, ಅದರ ಬೆಲೆ. ಡಾಲರ್ ಲೆಕ್ಕದಲ್ಲಿ.

ಹೀಗೇ ಬಿಟ್ಟಿದ್ದರೆ ಗಿಟಾರು ಎಷ್ಟು ದಪ್ಪವಾಗುತ್ತಿತ್ತೋ! ಅಷ್ಟರಲ್ಲಿ ವಿದ್ಯುತ್ತು ಬಂತು. 1936ರಲ್ಲಿ ಗಿಬ್ಸನ್ ಇಎಸ್-150 ಎಂಬ ವಿದ್ಯುತ್ ಗಿಟಾರನ್ನು ಹೊರತಂದಿತು. ಇಎಸ್ ಎಂದರೆ ಎಲೆಕ್ಟ್ರಿಕ್ ಸ್ಪ್ಯಾನಿಶ್. ಗಿಟಾರು, ಆಂಪ್ಲಿಫೈಯರ್, ನಡುವಿನ ತಂತಿ ಎಲ್ಲ ಸೇರಿ ಸುಮಾರು 150 ಡಾಲರ್. ತಂತಿಗಳ ಕೆಳಗೆ ಅಯಸ್ಕಾಂತ ಮತ್ತು ತಾಮ್ರದ ಸುರುಳಿಯ ಪಿಕಪ್. ಉಕ್ಕಿನ ತಂತಿ ಅಲುಗಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಅದನ್ನು ಹಿಗ್ಗಿಸಿ ಸ್ಪೀಕರಿಗೆ ಕೊಟ್ಟರಾಯಿತು. ಚಾರ್ಲಿ ಕ್ರಿಶ್ಚಿಯನ್ ಎಂಬ ತರುಣ 1939ರಲ್ಲಿ ಈ ಗಿಟಾರಿನೊಂದಿಗೆ ಬೆನ್ನಿ ಗುಡ್‌ಮನ್‌ನ ತಂಡ ಸೇರಿದ. ಸ್ಯಾಕ್ಸೊಫೋನಿಗೆ ಸಮನಾಗಿ ಗಿಟಾರು ಎದ್ದು ನಿಂತು ಹಾಡಬಲ್ಲದು ಎಂದು ಲೋಕಕ್ಕೆ ತೋರಿಸಿದವನು ಅವನು. ಕ್ಷಯರೋಗದಿಂದ 1942ರಲ್ಲಿ ತೀರಿಕೊಂಡಾಗ ಅವನಿಗೆ ಬರೀ 25 ವರ್ಷ.

ದನಿಗಾಗಿ ಇನ್ನು ದೊಡ್ಡ ಮೈ ಬೇಕಿರಲಿಲ್ಲ. ಆದರೂ ಯಾರೂ ಅದನ್ನು ಸಣ್ಣದು ಮಾಡುವ ಗೋಜಿಗೆ ಹೋಗಲಿಲ್ಲ. ಗಿಟಾರ್ ಎಂದರೆ ಹೀಗೇ ಇರಬೇಕು ಎಂಬ ರೂಢಿ ಒಂದು ಕಡೆ. ಟೊಳ್ಳು ಮೈಯ ಮೃದುವಾದ, ಉಸಿರಾಡುವಂಥ ನಾದದ ಮೋಹ ಇನ್ನೊಂದು ಕಡೆ. ಬೆಲೆಯನ್ನು ತೆತ್ತದ್ದು ವೇದಿಕೆಯ ಮೇಲೆ. ಸ್ಪೀಕರಿನ ಸದ್ದು ಗಿಟಾರಿನ ದೊಡ್ಡ ಹಲಗೆಯನ್ನು ಅಲುಗಿಸುತ್ತದೆ, ಹಲಗೆ ತಂತಿಯನ್ನು ಅಲುಗಿಸುತ್ತದೆ, ಪಿಕಪ್ ಅದನ್ನು ಮತ್ತೆ ಸ್ಪೀಕರಿಗೆ ಕಳಿಸುತ್ತದೆ. ಪೆಂಡಾಲಿನ ಮೈಕಿನ ಕಥೆಯೇ ಇಲ್ಲೂ. ಹೆಚ್ಚು ಜೋರಾಗಿ ನುಡಿಸಹೊರಟರೆ ಗಿಟಾರು ಊಳಿಡುತ್ತಿತ್ತು. ರಂಧ್ರಗಳಿಗೆ ಬಟ್ಟೆ ತುರುಕಿ ನುಡಿಸುವುದು ವಾದಕರು ಕಂಡುಕೊಂಡ ಮನೆಮದ್ದು.

ದಿಮ್ಮಿಯ ಮೇಲೆ ತಂತಿ

ಟೊಳ್ಳೇ ತೊಂದರೆಯಾದರೆ ಟೊಳ್ಳನ್ನೇ ತೆಗೆದುಬಿಟ್ಟರೆ? ಈ ಯೋಚನೆ ಬಂದವರು ಹಲವರು. ಅವರಲ್ಲಿ ಕಥೆಯಾಗಿ ಉಳಿದವನು ಲೆಸ್ ಪಾಲ್. 1940ರ ಹೊತ್ತಿಗೆ ನ್ಯೂಯಾರ್ಕಿನಲ್ಲಿದ್ದ ಈ ವಾದಕ, ಎಪಿಫೋನ್ ಕಂಪೆನಿಯ ಕಾರ್ಖಾನೆಯಲ್ಲಿ ಭಾನುವಾರಗಳಂದು ಕೂತು, ನಾಲ್ಕಿಂಚು ದಪ್ಪ ನಾಲ್ಕಿಂಚು ಅಗಲದ ಪೈನ್ ಮರದ ತೊಲೆಯೊಂದಕ್ಕೆ ಕುತ್ತಿಗೆ, ತಂತಿ, ಪಿಕಪ್ ಜೋಡಿಸಿದ. ಅದಕ್ಕೆ 'ಲಾಗ್', ಅಂದರೆ ದಿಮ್ಮಿ, ಎಂದೇ ಹೆಸರು. ನಾದ ಚೆನ್ನಾಗಿತ್ತು, ಊಳಿಡುತ್ತಿರಲಿಲ್ಲ. ಆದರೆ ಬರೀ ತೊಲೆ ಹಿಡಿದು ನುಡಿಸಿದಾಗ ಕೇಳುಗರು ಒಲಿಯಲಿಲ್ಲವಂತೆ. ಆಗ ಅವನು ಎಪಿಫೋನ್ ಗಿಟಾರೊಂದರ ಮೈಯನ್ನು ಉದ್ದಕ್ಕೆ ಸೀಳಿ, ಎರಡು ಹೋಳುಗಳನ್ನು ತೊಲೆಯ ಎರಡು ಪಕ್ಕಕ್ಕೆ ರೆಕ್ಕೆಗಳಂತೆ ಅಂಟಿಸಿದ. ನೋಡಲು ಗಿಟಾರಿನಂತಾಯಿತು; ಜನ ಮೆಚ್ಚಿದರು. ಕಿವಿಗಿಂತ ಮೊದಲು ಕಣ್ಣು ಕೇಳುತ್ತದೆ ಎನ್ನಬೇಕೇನೋ. ಈ ದಿಮ್ಮಿಯನ್ನು ಹೊತ್ತು ಗಿಬ್ಸನ್ ಕಂಪೆನಿಗೆ ಹೋದಾಗ ಅಲ್ಲಿ ನಕ್ಕು ಕಳಿಸಿದರು ಎಂದು ಲೆಸ್ ಪಾಲ್ ಮುಂದೆ ಬಹಳ ಸಲ ಹೇಳಿಕೊಂಡಿದ್ದಾನೆ.

ನಗು ಹೆಚ್ಚು ಕಾಲ ಉಳಿಯಲಿಲ್ಲ. ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ 1950ರಲ್ಲಿ ಗಟ್ಟಿ ಹಲಗೆಯ ಗಿಟಾರನ್ನು ಮಾರುಕಟ್ಟೆಗೆ ಬಿಟ್ಟ. ಅದೇ ಮುಂದಿನ ವರ್ಷ ಟೆಲಿಕಾಸ್ಟರ್ ಎಂದು ಹೆಸರು ಪಡೆಯಿತು. ಗಿಬ್ಸನ್ ಎಚ್ಚೆತ್ತು 1952ರಲ್ಲಿ ತನ್ನದೇ ಗಟ್ಟಿ ಗಿಟಾರನ್ನು ತಂದಿತು. ಅದಕ್ಕಿಟ್ಟ ಹೆಸರು? ಲೆಸ್ ಪಾಲ್!

ಈಗ ಎರಡು ಪಂಗಡಗಳಾದವು. ಟೊಳ್ಳು ಗಿಟಾರಿನ ನಾದ ಬೆಚ್ಚಗೆ, ಆದರೆ ಜೋರು ಮಾಡಿದರೆ ಊಳು. ಗಟ್ಟಿ ಗಿಟಾರು ಎಷ್ಟು ಜೋರಿಗೂ ಜಗ್ಗದು, ಮೀಟಿದ ಸ್ವರ ಬಹಳ ಹೊತ್ತು ನಿಲ್ಲುತ್ತದೆ, ಆದರೆ ಹಳಬರ ಕಿವಿಗೆ ಅದು ಒಣ ಒಣ. 1950ರಿಂದ 1966ರವರೆಗೆ ಗಿಬ್ಸನ್ನಿನ ಅಧ್ಯಕ್ಷನಾಗಿದ್ದ ಟೆಡ್ ಮೆಕಾರ್ಟಿ ನಡುದಾರಿ ಹುಡುಕಿದ. ಮೊದಲ ಪ್ರಯತ್ನ ಮೈಯನ್ನು ತೆಳುವಾಗಿಸುವುದು. 1955ರಲ್ಲಿ ಬಂದ ಬರ್ಡ್‌ಲ್ಯಾಂಡ್ ಮಾದರಿಯ ಅಗಲ 17 ಇಂಚೇ. ದಪ್ಪ ಮಾತ್ರ ಸುಮಾರು ಎರಡೂಕಾಲು ಇಂಚಿಗೆ ಇಳಿದಿತ್ತು. ತೋಳಿಗೆ ಆರಾಮವಾಯಿತು. ಊಳು ಪೂರ್ತಿ ನಿಲ್ಲಲಿಲ್ಲ.

1958ರಲ್ಲಿ ಇಎಸ್-335 ಬಂತು. ಅಗಲ 16 ಇಂಚು, ದಪ್ಪ ಒಂದೂಮುಕ್ಕಾಲು ಇಂಚಿನ ಆಸುಪಾಸು. ಹೊರಗಿನಿಂದ ನೋಡಿದರೆ ಎಫ್ ರಂಧ್ರಗಳಿರುವ ಟೊಳ್ಳು ಗಿಟಾರು. ಒಳಗೆ, ಕುತ್ತಿಗೆಯ ಬುಡದಿಂದ ಬಾಲದವರೆಗೆ, ಮೇಪಲ್ ಮರದ ದಿಮ್ಮಿಯೊಂದು ಉದ್ದಕ್ಕೂ ಕೂತಿದೆ. ಪಿಕಪ್, ಕುದುರೆ ಎಲ್ಲ ಆ ದಿಮ್ಮಿಯ ಮೇಲೆ. ಅದರ ಎಡಬಲಕ್ಕೆ ಮಾತ್ರ ಟೊಳ್ಳು ರೆಕ್ಕೆಗಳು. ಮೇಲ್ಹಲಗೆ ಉಬ್ಬಿರುವುದರಿಂದ ಅದಕ್ಕೂ ದಿಮ್ಮಿಗೂ ನಡುವೆ ಸಂದು ಬೀಳುತ್ತದೆ. ಅಲ್ಲಿಗೆ ಸ್ಪ್ರೂಸ್ ಮರದ ಪಟ್ಟಿಗಳನ್ನು ಉಬ್ಬಿಗೆ ತಕ್ಕಂತೆ ಕೊರೆದು ಅಂಟಿಸಿದರು. ಇನ್ನೊಂದು ಸಂಗತಿ ಹಲವರಿಗೆ ನಂಬಲಾಗದು. ಈ ದುಬಾರಿ ಗಿಟಾರಿನ ಮೇಲ್ಹಲಗೆ ಒಂದೇ ಮರದ್ದಲ್ಲ. ಮೇಪಲ್ ಮತ್ತು ಪಾಪ್ಲರ್ ಪದರಗಳನ್ನು ಅಂಟಿಸಿ, ಅಚ್ಚಿನಲ್ಲಿ ಒತ್ತಿ ಉಬ್ಬಿಸಿದ್ದು. ನೇರವಾಗಿ ಹೇಳುವುದಾದರೆ ಪ್ಲೈವುಡ್. ಬಡತನಕ್ಕೆ ಮಾಡಿದ್ದಲ್ಲ ಅದು. ಪದರದ ಹಲಗೆ ಬಿಗಿಯಾಗಿದ್ದು, ಸ್ಪೀಕರಿನ ಸದ್ದಿಗೆ ಸುಲಭವಾಗಿ ನಡುಗುವುದಿಲ್ಲ.

ಲೆಸ್ ಪಾಲ್‌ನ ತೊಲೆ ಮತ್ತು ರೆಕ್ಕೆಗಳನ್ನು ನೆನಪಿಸಿಕೊಂಡರೆ ಇದೇನೆಂದು ತಿಳಿಯುತ್ತದೆ. ನಕ್ಕು ಕಳಿಸಿದ ದಿಮ್ಮಿಯೇ ಹದಿನೈದಕ್ಕೂ ಹೆಚ್ಚು ವರ್ಷಗಳ ನಂತರ ನಾಜೂಕಿನ ಅಂಗಿ ತೊಟ್ಟು ಅದೇ ಕಂಪೆನಿಯ ಬಾಗಿಲಿನಿಂದ ಹೊರಬಂದಿತ್ತು. ಬೆಲೆ 267 ಡಾಲರ್ 50 ಸೆಂಟ್. ಅಂದಿನಿಂದ ಇಂದಿನವರೆಗೆ ಅದರ ತಯಾರಿಕೆ ನಿಂತಿಲ್ಲ.

ಒಂದೇ ಅಳತೆ, ಬೇರೆ ಒಳಗು

335ರ ಬೆನ್ನಿಗೇ ಅದರ ಅಣ್ಣತಮ್ಮಂದಿರು ಬಂದರು. ಅಲಂಕಾರ ಹೆಚ್ಚಿದ 355 ಅದೇ ವರ್ಷ, 345 ಮರುವರ್ಷ. 1985ರ 'ಬ್ಯಾಕ್ ಟು ದ ಫ್ಯೂಚರ್' ಚಿತ್ರದಲ್ಲಿ ನಾಯಕ ಕಾಲಯಂತ್ರ ಏರಿ 1955ಕ್ಕೆ ಹೋಗಿ ಶಾಲೆಯ ನೃತ್ಯಕೂಟದಲ್ಲಿ ನುಡಿಸುವ ಕೆಂಪು ಗಿಟಾರು ಈ 345. ಅದು ಹುಟ್ಟುವುದಕ್ಕೆ ಇನ್ನೂ ನಾಲ್ಕು ವರ್ಷ ಬಾಕಿಯಿತ್ತು! ಕಾಲಯಂತ್ರದ ಕಥೆಯಲ್ಲಿ ಇದನ್ನು ತಪ್ಪೆನ್ನಬೇಕೋ ಬೇಡವೋ ಓದುಗರೇ ತೀರ್ಮಾನಿಸಲಿ.

ಇವುಗಳಲ್ಲಿ ಕುತೂಹಲದ್ದು 1959ರ ಇಎಸ್-330. ಹೊರಗಿನ ಅಳತೆ, ಆಕಾರ ಎಲ್ಲ 335ರದೇ. ಒಳಗೆ ದಿಮ್ಮಿ ಇಲ್ಲ, ಪೂರ್ತಿ ಟೊಳ್ಳು. ಹಗುರ, ಅಗ್ಗ, ಊಳಿಗೆ ಹತ್ತಿರ. ಅಷ್ಟರಲ್ಲಿ ಎಪಿಫೋನನ್ನು ಗಿಬ್ಸನ್ನಿನ ಮಾಲೀಕರೇ ಕೊಂಡಿದ್ದರಿಂದ 1961ರಲ್ಲಿ ಅದೇ ಮೈ ಕ್ಯಾಸಿನೊ ಎಂಬ ಹೆಸರಿನಲ್ಲಿ ಎಪಿಫೋನ್ ಮುದ್ರೆ ಹೊತ್ತು ಬಂತು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1964ರಲ್ಲಿ ಒಂದನ್ನು ಕೊಂಡ. ಟೊಳ್ಳು ಗಿಟಾರು ಊಳಿಡುತ್ತದೆ ಎಂಬುದೇ ಅವನಿಗೆ ಬೇಕಾಗಿತ್ತು. ಇಪ್ಪತ್ತು ವರ್ಷ ಎಲ್ಲರೂ ಓಡಿಸಲು ಹೆಣಗಿದ ಪಿಶಾಚಿಯನ್ನು ಹೊಸ ತಲೆಮಾರು ಕರೆದು ಮಣೆ ಹಾಕಿ ಕೂರಿಸಿತು. 1966ರಲ್ಲಿ ಜಾನ್ ಲೆನನ್ ಮತ್ತು ಜಾರ್ಜ್ ಹ್ಯಾರಿಸನ್ ಕೂಡ ಕ್ಯಾಸಿನೊ ಕೊಂಡರು. ಲೆನನ್ ಅದುವರೆಗೆ ನುಡಿಸುತ್ತಿದ್ದುದು 1960ರಲ್ಲಿ ಹ್ಯಾಂಬರ್ಗಿನಲ್ಲಿ ಕೊಂಡಿದ್ದ ರಿಕನ್‌ಬ್ಯಾಕರ್ 325 ಜಾತಿಯನ್ನು. ಮಕ್ಕಳ ಗಿಟಾರೆನ್ನುವಷ್ಟು ಪುಟ್ಟ ಮೈ, ಗಿಡ್ಡ ಕುತ್ತಿಗೆ. ಅಲ್ಲಿಂದ 16 ಇಂಚಿನ ಮೈಗೆ ಬಂದವನು ಮತ್ತೆ ಅದನ್ನು ಬಿಡಲಿಲ್ಲ. 1968ರಲ್ಲಿ ಅದರ ಬಣ್ಣವನ್ನೆಲ್ಲ ಉಜ್ಜಿ ತೆಗೆಸಿದ. 1969ರ ಜನವರಿ 30ರಂದು ಲಂಡನ್ನಿನ ಮಹಡಿಯ ಮೇಲೆ ಬೀಟಲ್ಸ್ ಕೊನೆಯ ಬಾರಿಗೆ ಜನರೆದುರು ನುಡಿಸಿದಾಗ ಅವನ ಹೆಗಲಲ್ಲಿದ್ದುದು ಆ ಬರಿಮೈ ಗಿಟಾರು.

ದಿಮ್ಮಿಯ ಪಕ್ಷದ ದೊಡ್ಡ ಹೆಸರು ಬಿ. ಬಿ. ಕಿಂಗ್. ಮಿಸಿಸಿಪ್ಪಿಯ ಹತ್ತಿ ಹೊಲಗಳಿಂದ ಬಂದ ಈ ಬ್ಲೂಸ್ ಗಾಯಕ 1949ರ ಚಳಿಗಾಲದಲ್ಲಿ ಅರ್ಕನ್ಸಾ ರಾಜ್ಯದ ಟ್ವಿಸ್ಟ್ ಎಂಬ ಹಳ್ಳಿಯಲ್ಲಿ ನುಡಿಸುತ್ತಿದ್ದ. ಚಳಿ ಕಾಯಲು ಪೀಪಾಯಿಯಲ್ಲಿ ಸೀಮೆಎಣ್ಣೆ ಉರಿಸಿಟ್ಟಿದ್ದರು. ಇಬ್ಬರು ಹೊಡೆದಾಡಿಕೊಂಡು ಅದನ್ನು ಉರುಳಿಸಿದರು; ಮರದ ಕಟ್ಟಡ ಹೊತ್ತಿಕೊಂಡಿತು. ಎಲ್ಲರೊಂದಿಗೆ ಹೊರಗೋಡಿದ ಕಿಂಗ್‌ಗೆ ಗಿಟಾರು ಒಳಗೇ ಉಳಿದದ್ದು ನೆನಪಾಗಿ, ಬೆಂಕಿಯೊಳಗೆ ಮರಳಿ ನುಗ್ಗಿ ಅದನ್ನು ತಂದ. ಜಗಳ ನಡೆದದ್ದು ಲೂಸಿಲ್ ಎಂಬ ಹೆಂಗಸಿಗಾಗಿ ಎಂದು ಮರುದಿನ ತಿಳಿಯಿತು. ಇಂಥ ಮೂರ್ಖತನ ಮತ್ತೆಂದೂ ಮಾಡಬಾರದೆಂಬ ನೆನಪಿಗೆ ಆ ಗಿಟಾರಿಗೂ, ಆಮೇಲೆ ಬಂದ ಪ್ರತಿ ಗಿಟಾರಿಗೂ ಅವನು ಲೂಸಿಲ್ ಎಂದೇ ಹೆಸರಿಟ್ಟ.

ಆ ಮೊದಲ ಲೂಸಿಲ್ ಟೊಳ್ಳು ಗಿಟಾರು. ಮುಂದಿನ ದಶಕಗಳಲ್ಲಿ ಲೂಸಿಲ್ ಎಂದರೆ 355 ಎಂದಾಯಿತು. ಸ್ವರವನ್ನು ಎಳೆದು, ನಡುಗಿಸಿ, ಮನುಷ್ಯರ ಅಳುವಿನಂತೆ ನಿಲ್ಲಿಸುವ ಅವನ ಶೈಲಿಗೆ ದಿಮ್ಮಿಯ ಗಟ್ಟಿತನ ಬೇಕಿತ್ತು. ಅಷ್ಟಾದರೂ ಊಳಿನ ಕಾಟ ತಪ್ಪದೆ ಅವನೂ ರಂಧ್ರಗಳಿಗೆ ಬಟ್ಟೆ ತುರುಕುತ್ತಿದ್ದ. 1980ರಲ್ಲಿ ಗಿಬ್ಸನ್ ಅವನ ಹೆಸರಿನಲ್ಲೇ ಗಿಟಾರು ತಂದಾಗ ಎಫ್ ರಂಧ್ರಗಳನ್ನೇ ಮುಚ್ಚಿಬಿಟ್ಟಿತು. 2015ರಲ್ಲಿ ತೀರಿಕೊಳ್ಳುವವರೆಗೂ ಕಿಂಗ್ ಜೊತೆಗಿದ್ದದ್ದು 16 ಇಂಚಿನ ಆ ದೊಡ್ಡ ಮೈಯೇ. ಇನ್ನು ಎರಿಕ್ ಕ್ಲ್ಯಾಪ್ಟನ್ ನುಡಿಸುತ್ತಿದ್ದ 1964ರ ಕೆಂಪು 335 ಒಂದು 2004ರ ಹರಾಜಿನಲ್ಲಿ 8,47,500 ಡಾಲರಿಗೆ ಹೋಯಿತು. ಪ್ಲೈವುಡ್ಡಿಗೆ ಬಂದ ಬೆಲೆ ಅದು!

ಎರಡು ಇಂಚಿನ ಪ್ರಶ್ನೆ

ಈ ಮೈಯನ್ನು ಕಿರಿದು ಮಾಡುವ ಯೋಚನೆ ತಡವಾಗಿ ಬಂತು. ಜಪಾನಿನ ಐಬನೆಜ್ ಕಂಪೆನಿ 1977ರಲ್ಲಿ ಜಾರ್ಜ್ ಬೆನ್ಸನ್‌ಗಾಗಿ ಸಣ್ಣ ಮೈಯ ಜಾಝ್ ಗಿಟಾರು ಮಾಡಿತ್ತು. ಒಳಗೆ ಪೂರ್ತಿ ಟೊಳ್ಳಾದರೂ ಹಲಗೆ ಚಿಕ್ಕದಾದುದರಿಂದ ಊಳು ಕಡಿಮೆ. ಗಿಬ್ಸನ್ 1996ರಲ್ಲಿ ಇಎಸ್-336 ತಂದಿತು; ಮಹಾಗನಿ ಮರದ ಒಂದೇ ತುಂಡನ್ನು ಕೊರೆದು, ನಡುವಿನ ಭಾಗವನ್ನು ಹಾಗೇ ಬಿಟ್ಟು, ದೋಣಿಯಂತೆ ಮಾಡಿದ ಮೈ ಅದು. ಬಳಿಕ 2007ರಲ್ಲಿ ಬಂದದ್ದು ಇಎಸ್-339. 335ರ ಆಕಾರವನ್ನೇ ಕುಗ್ಗಿಸಿದ ಪಡಿಯಚ್ಚು. ಅಗಲ ಸುಮಾರು 14 ಇಂಚು. ಇಂದು ಅರೆಟೊಳ್ಳು ಗಿಟಾರು ಕೊಳ್ಳಬೇಕೆನ್ನುವವರು ಮೊದಲು ಎದುರಿಸುವ ಪ್ರಶ್ನೆ ಈ ಎರಡು ಇಂಚಿನದು.

ಎರಡರಲ್ಲೂ ತಂತಿಯ ಉದ್ದ ಒಂದೇ, 24 ಮುಕ್ಕಾಲು ಇಂಚು. ಪಿಕಪ್ ಒಂದೇ ಜಾತಿಯದು. ವ್ಯತ್ಯಾಸವೆಲ್ಲ ಮೈಯಲ್ಲಿ. ಮೈ ಕುಗ್ಗಿದರೂ ನಡುವಿನ ದಿಮ್ಮಿಯನ್ನು ಅಷ್ಟಾಗಿ ಕುಗ್ಗಿಸುವಂತಿಲ್ಲ. ಪಿಕಪ್ಪೂ ಕುದುರೆಯೂ ಅದರ ಮೇಲೆಯೇ ಕೂರಬೇಕು. ಹಾಗಾಗಿ ಕತ್ತರಿ ಬೀಳುವುದು ರೆಕ್ಕೆಗಳಿಗೆ, ಅಂದರೆ ಟೊಳ್ಳಿಗೆ. ಸಣ್ಣ ಗಿಟಾರಿನಲ್ಲಿ ಗಟ್ಟಿಯ ಪಾಲು ಹೆಚ್ಚು, ಗಾಳಿಯ ಪಾಲು ಕಡಿಮೆ. ನಾದವೂ ಗಟ್ಟಿ ಗಿಟಾರಿನ ಕಡೆಗೆ ಒಂದು ಹೆಜ್ಜೆ ಸರಿಯುತ್ತದೆ. ಮಂದ್ರ ಸ್ವರಗಳು ಬಿಗಿಯಾಗುತ್ತವೆ. ಆಂಪ್ಲಿಫೈಯರಿಗೆ ಜೋಡಿಸದೆ ಮನೆಯಲ್ಲಿ ಸುಮ್ಮನೆ ನುಡಿಸಿದಾಗ ದೊಡ್ಡದರ ಸದ್ದು ಹೆಚ್ಚು ತುಂಬಿಕೊಂಡಿರುತ್ತದೆ. ಆಂಪ್ಲಿಫೈಯರಿಗೆ ಜೋಡಿಸಿ, ಡ್ರಮ್ಮಿನ ಪಕ್ಕ ನಿಂತು ನುಡಿಸಿದ ಮೇಲೆ? ಕಣ್ಣು ಮುಚ್ಚಿ ಕೇಳಿದವರಿಗೆ ಯಾವುದು ಯಾವುದೆಂದು ಹೇಳುವುದು ಕಷ್ಟ. ಪಿಕಪ್ಪು, ತಂತಿ, ಆಂಪ್ಲಿಫೈಯರು, ಎಲ್ಲಕ್ಕಿಂತ ಬೆರಳು ಈ ಎರಡು ಇಂಚಿಗಿಂತ ಹೆಚ್ಚು ಮಾತಾಡುತ್ತವೆ.

ತೂಕದ ವಿಚಾರದಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಸಣ್ಣದು ಹಗುರವಿರಲೇಬೇಕೆಂದು ಎತ್ತಿ ನೋಡಿದರೆ ನಿರೀಕ್ಷಿಸಿದಷ್ಟು ಹಗುರವಿರುವುದಿಲ್ಲ. ಕಾರಣ ಸರಳ. ಭಾರವಿರುವುದು ದಿಮ್ಮಿಯಲ್ಲಿ, ಕುತ್ತಿಗೆಯಲ್ಲಿ, ಲೋಹದ ಭಾಗಗಳಲ್ಲಿ. ಕತ್ತರಿಸಿ ತೆಗೆದದ್ದು ಹೆಚ್ಚಾಗಿ ಗಾಳಿ! ನಿಜವಾಗಿ ಹಗುರ ಬೇಕೆಂದರೆ ದಿಮ್ಮಿಯೇ ಇಲ್ಲದ 330 ಅಥವಾ ಕ್ಯಾಸಿನೊ ನೋಡಬೇಕು, ಅದರ ಊಳನ್ನೂ ಒಪ್ಪಿಕೊಂಡು.

ಹಾಗಾದರೆ ಸಣ್ಣ ಮೈಯ ಲಾಭವೇನು? ನುಡಿಸುವವರ ದೇಹ. ಕುರ್ಚಿಯ ಮೇಲೆ ಕೂತು 16 ಇಂಚಿನ ಗಿಟಾರನ್ನು ತೊಡೆಯ ಮೇಲಿಟ್ಟರೆ ಬಲತೋಳು ಅದರ ಅಂಚಿನ ಮೇಲಿಂದ ಹಾದು ತಂತಿಗೆ ಇಳಿಯಬೇಕು. ಗಿಡ್ಡ ತೋಳಿನವರಿಗೆ ಭುಜ ಮೇಲೇಳುತ್ತದೆ. ದಿನಕ್ಕೆ ಮೂರು ನಾಲ್ಕು ಗಂಟೆ ಸಾಧನೆ ಮಾಡುವವರಿಗೆ ಆ ಎತ್ತಿದ ಭುಜ ವರ್ಷಗಳ ಮೇಲೆ ಬಾಕಿ ವಸೂಲಿ ಮಾಡುತ್ತದೆ. ಎತ್ತರದ ಆಳುಗಳ ಅಳತೆಗೆ ಹೊಂದಿದ ವಾದ್ಯವನ್ನು ಹುಡುಗಿಯರು, ಮಕ್ಕಳು, ಸಣ್ಣ ಮೈಕಟ್ಟಿನವರು ಸಹಿಸಿಕೊಂಡು ನುಡಿಸಬೇಕಾಗಿತ್ತು. ಅವರಿಗೆ 14 ಇಂಚು ಒಂದು ಬಿಡುಗಡೆಯೇ ಸರಿ. ನಿಂತು ನುಡಿಸುವ, ತೋಳು ಉದ್ದವಿರುವವರಿಗೆ ಇದು ಲೆಕ್ಕಕ್ಕೇ ಬಾರದು. ಅಂಥವರಿಗೆ ದೊಡ್ಡ ಮೈ ಎದೆಗೆ ಒರಗಿ ಕಂಪಿಸುವ ಸುಖ ಸಣ್ಣದರಲ್ಲಿ ಸಿಗಲಿಕ್ಕಿಲ್ಲ. ಈ ಲೇಖಕನಿಗೆ ನಾಲ್ಕು ಸ್ವರ ಮೀಟುವುದಕ್ಕಿಂತ ಹೆಚ್ಚು ಬಾರದು. ಆದರೂ ಎರಡನ್ನೂ ತೊಡೆಯ ಮೇಲಿಟ್ಟುಕೊಂಡರೆ ಐದು ನಿಮಿಷದಲ್ಲಿ ಭುಜವೇ ಉತ್ತರ ಹೇಳುತ್ತದೆಂಬುದು ಅನುಭವಕ್ಕೆ ಬಂದಿದೆ. ಅಂಗಡಿಯಲ್ಲಿ ನಿಂತು ಮಾತ್ರ ನುಡಿಸಿ ನೋಡಿ ಹಣ ಕೊಡುವುದು ಜಾಣತನವಲ್ಲ.

ಇನ್ನೊಂದು ಮಾತು ರಿಪೇರಿಯವರದು. ಗಟ್ಟಿ ಗಿಟಾರಿನ ಹಿಂದೆ ಮುಚ್ಚಳ ತೆಗೆದರೆ ತಂತಿ, ಗುಂಡಿ ಎಲ್ಲ ಕೈಗೆ ಸಿಗುತ್ತವೆ. 335ರಂಥವುಗಳಲ್ಲಿ ಎಲ್ಲವನ್ನೂ ಎಫ್ ರಂಧ್ರದಿಂದಲೇ ಹೊರಗೆಳೆದು, ದಾರ ಕಟ್ಟಿ ಮತ್ತೆ ಒಳಗೆ ಕೂರಿಸಬೇಕು. ಬಾಟಲಿಯೊಳಗೆ ಹಡಗು ಕಟ್ಟುವ ಕೆಲಸ. ಮೈ ಚಿಕ್ಕದಾದಷ್ಟೂ ಬೆರಳಿಗೆ ಜಾಗ ಕಡಿಮೆ.

ಬೀಟೆಯ ನಂಟು

ಈ ಅಮೆರಿಕನ್ ಕಥೆಯಲ್ಲಿ ನಮ್ಮ ಕಾಡಿಗೂ ಒಂದು ಪಾತ್ರವಿದೆ. ಎಡಗೈ ಬೆರಳುಗಳು ಓಡಾಡುವ ಪಟ್ಟಿಯನ್ನು ಗಿಬ್ಸನ್ ಮೊದಲು ಬ್ರೆಜಿಲ್ಲಿನ ರೋಸ್‌ವುಡ್ಡಿನಿಂದ ಮಾಡುತ್ತಿತ್ತು. 1960ರ ದಶಕದ ನಡುವಿನಿಂದ ಅದರ ಜಾಗಕ್ಕೆ ಭಾರತದ ರೋಸ್‌ವುಡ್ ಬಂತು. ಅದು ಬೇರಾವುದೂ ಅಲ್ಲ, ಪಶ್ಚಿಮ ಘಟ್ಟದ ಬೀಟೆ. ಮಲೆನಾಡಿನ ಹಳೆಯ ಮನೆಗಳ ಮಂಚಕ್ಕೆ, ಹಲಗೆಯಲ್ಲಿ ಬಣ್ಣಬಣ್ಣದ ಮರದ ಚೂರುಗಳನ್ನು ಕೂರಿಸಿ ಚಿತ್ರ ಬಿಡಿಸುವ ಮೈಸೂರಿನ ಕುಶಲಕಲೆಗೆ ಬಳಕೆಯಾಗುವ ಮರ.

ಗಿಬ್ಸನ್ ತನ್ನ ಅರೆಟೊಳ್ಳು ಗಿಟಾರುಗಳನ್ನು 2000ದಿಂದೀಚೆಗೆ ಮೆಂಫಿಸ್ ನಗರದ ಕಾರ್ಖಾನೆಯಲ್ಲಿ ಮಾಡುತ್ತಿತ್ತು. 2011ರ ಆಗಸ್ಟ್‌ನಲ್ಲಿ ಅಮೆರಿಕದ ಅಧಿಕಾರಿಗಳು ಆ ಕಾರ್ಖಾನೆಯ ಮೇಲೂ ನ್ಯಾಶ್‌ವಿಲ್ಲಿನ ಘಟಕಗಳ ಮೇಲೂ ದಾಳಿ ನಡೆಸಿ, ಭಾರತದಿಂದ ಬಂದ ಬೀಟೆ ಮತ್ತು ಕರಿಮರದ ಪಟ್ಟಿಗಳನ್ನು ವಶಪಡಿಸಿಕೊಂಡರು. ನಮ್ಮ ರಫ್ತು ನಿಯಮದ ಪ್ರಕಾರ ಅವು ಸಿದ್ಧವಸ್ತುವೋ ಕಚ್ಚಾ ಮರವೋ ಎಂಬುದು ತಕರಾರು. ಗಿಟಾರಿನ ಪಟ್ಟಿ ಅಲ್ಲಿ ರಾಜಕೀಯದ ಮಾತಾಯಿತು. ಮಡಗಾಸ್ಕರ್ ಮರದ ಹಿಂದಿನ ಪ್ರಕರಣವನ್ನೂ ಸೇರಿಸಿ 2012ರಲ್ಲಿ ಒಪ್ಪಂದವಾಯಿತು; ಕಂಪೆನಿ 3 ಲಕ್ಷ ಡಾಲರ್ ದಂಡ ಕಟ್ಟಿತು, ಭಾರತದ ಮರ ಅದಕ್ಕೆ ಮರಳಿ ಸಿಕ್ಕಿತು. 2017ರ ಜನವರಿಯಿಂದ ಬೀಟೆಯ ಇಡೀ ಕುಲವೇ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿ ಸೇರಿ, ಗಿಟಾರು ಮಾರುವವರು ಗಡಿ ದಾಟಿಸಲು ಪರವಾನಗಿಗೆ ಅಲೆದಾಡಿದರು. ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರ ಕೊನೆಯಲ್ಲಿ.

ಅಷ್ಟರಲ್ಲಿ ಗಿಬ್ಸನ್ 2018ರಲ್ಲಿ ಸಾಲದ ಸುಳಿಗೆ ಸಿಕ್ಕಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿ, ಚೇತರಿಸಿಕೊಂಡಿತ್ತು. ಮೆಂಫಿಸ್ ಕಾರ್ಖಾನೆ ಮುಚ್ಚಿತು; ಆ ಕೆಲಸ ನ್ಯಾಶ್‌ವಿಲ್ಲಿಗೆ ಹೋಯಿತು. ಮೊದಲ 335 ಹುಟ್ಟಿದ ಕಲಮಜೂ ಕಾರ್ಖಾನೆಯನ್ನಂತೂ ಕಂಪೆನಿ 1984ರಲ್ಲೇ ಮುಚ್ಚಿತ್ತು. ಊರು ಬಿಡಲೊಲ್ಲದ ಕೆಲವು ಹಳೆಯ ಕೆಲಸಗಾರರು ಮರುವರ್ಷ ಅದೇ ಪಾರ್ಸನ್ಸ್ ಸ್ಟ್ರೀಟಿನ ಕಟ್ಟಡದಲ್ಲಿ ಹೆರಿಟೇಜ್ ಎಂಬ ಹೊಸ ಹೆಸರಿನಲ್ಲಿ ಕೆಲಸ ಶುರುಮಾಡಿದರು. ಅವರ ಎಚ್-535 ಮಾದರಿಯೂ ನಡುವೆ ದಿಮ್ಮಿ ಇರುವ, 16 ಇಂಚು ಅಗಲದ ಗಿಟಾರು.